ಮಲ್ಲಿಗೆ ಹೂ ಬಿಡ್ತಿಲ್ವಾ? ಗೊಬ್ಬರದ ಚೀಲ ಆಮೇಲೆ ಬಿಚ್ಚಿ

"ಗಿಡ ಛಲೋ ಬಂದೈತ್ರಿ, ಎಲಿ ನೋಡ್ರಿ ಎಷ್ಟ್ ಹಸರ ಐತಿ, ಆದ್ರ ಹೂವ ಬಿಡವಲ್ದು." ಹುಬ್ಬಳ್ಳಿ-ಧಾರವಾಡದಲ್ಲಿ ಮಲ್ಲಿಗೆ ಗಿಡ ಇರುವ ಯಾರ ಹಿತ್ತಲಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಏನ್ ಗೊಬ್ಬರ ಹಾಕ್ಬೇಕ್ರಿ?"

ಗೊಬ್ಬರ ಬೇಡ. ಈಗಲಂತೂ ಬೇಡ. ಎಲೆ ಕಡುಹಸಿರಾಗಿ, ಕುಡಿ ಮಾರುದ್ದ ಚಾಚಿಕೊಂಡು ಬೆಳೆಯುತ್ತಿದ್ದರೆ ಆ ಗಿಡಕ್ಕೆ ಹಸಿವೆ ಇಲ್ಲ. ಅದಕ್ಕೆ ಬಿಸಿಲು ಸಾಲುತ್ತಿಲ್ಲ, ಇಲ್ಲವೇ ಕತ್ತರಿ ತಪ್ಪು ಹೊತ್ತಿನಲ್ಲಿ ಬಿದ್ದಿದೆ, ಇಲ್ಲವೇ ತಿನ್ನೋದು ಜಾಸ್ತಿ ಆಗಿದೆ, ಅದೂ ಅಲ್ಲದಿದ್ದರೆ ಕಟ್ಟಿದ ಮೊಗ್ಗನ್ನು ಹುಳು ತಿನ್ನುತ್ತಿದೆ. ಯಾವುದು ಅಂತ ನೋಡದೆ ಒಂದು ಹಿಡಿ ಯೂರಿಯಾ ಚೆಲ್ಲಿದರೆ ಮುಂದಿನ ಯುಗಾದಿಗೂ ಇದೇ ಮಾತು ಆಡುತ್ತೀರಿ.

ಇಲ್ಲಿ ಹೇಳುವುದು ಮುಖ್ಯವಾಗಿ ದುಂಡು ಮಲ್ಲಿಗೆಯ ಬಗ್ಗೆ. ದಾಸವಾಳಕ್ಕೂ ಬಹುಪಾಲು ಹೊಂದುತ್ತದೆ, ಬೇರೆ ಇದ್ದಲ್ಲಿ ಹೇಳುತ್ತೇನೆ. ಗುಲಾಬಿ, ಕಾಗದದ ಹೂವಿನ ವಿಷಯ ಕೊನೆಯ ಕಡೆಗೆ ಇದೆ.

ಮೊದಲು ಕುಡಿ ನೋಡಿ

ಬೆಳಿಗ್ಗೆ ಬಿಸಿಲು ಏರುವ ಮೊದಲು ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸಾಮಾನ್ಯವಾಗಿ ಮೂರು ಮೊಗ್ಗಿನ ಗೊಂಚಲು, ನಡುವಿನದು ಮೊದಲು ಬಲಿಯುತ್ತದೆ, ಅಕ್ಕಪಕ್ಕದವು ಅಕ್ಕಿಕಾಳಿನಷ್ಟೇ ಇರುತ್ತವೆ. ಹತ್ತು ಹನ್ನೆರಡು ಕುಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ತುದಿ ನೋಡಿ.

ತುದಿಯಲ್ಲಿ ಬರೀ ಎಲೆ, ಅದರ ಮೇಲೆ ಮತ್ತೆ ಎಲೆ ಇದ್ದರೆ ಗಿಡ ಮೊಗ್ಗೇ ಕಟ್ಟುತ್ತಿಲ್ಲ. ಆಗ ಕಾರಣ ಬಿಸಿಲು, ಕಾಲ, ಕತ್ತರಿ, ಗೊಬ್ಬರ, ಈ ನಾಲ್ಕರಲ್ಲೇ ಹುಡುಕಿ. ತುದಿಯಲ್ಲಿ ಕಂದು ಬಣ್ಣದ ಒಣಗಿದ ಕಡ್ಡಿ ಇದ್ದರೆ, ಬುಡದ ತರಗಲೆ ಸರಿಸಿದಾಗ ಸಣ್ಣ ಮೊಗ್ಗುಗಳು ಬಿದ್ದಿದ್ದರೆ, ಗಿಡ ತನ್ನ ಕೆಲಸ ಮಾಡಿದೆ. ಮೊಗ್ಗು ಉಳಿಯಲಿಲ್ಲ ಅಷ್ಟೇ. ಆಗ ನೋಡಬೇಕಾದ್ದು ನೀರು ಮತ್ತು ಹುಳು. ಈ ಎರಡು ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಬಹಳ ಜನ ಇದನ್ನು ಗಮನಿಸದೆ ಎರಡಕ್ಕೂ ಒಂದೇ ಪುಡಿ ತಂದು ಹಾಕುತ್ತಾರೆ.

ಮೂರನೆಯದೂ ಒಂದಿದೆ, ನಗಬೇಡಿ. ಕಾಂಪೌಂಡಿನ ಹೊರಗೆ ಬಾಗಿದ ದಾಸವಾಳ ಹೂ ಬಿಡುವುದಿಲ್ಲ ಎನ್ನುವವರು ಒಮ್ಮೆ ಬೆಳಗಿನ ಐದೂವರೆಗೆ ಎದ್ದು ಗೇಟಿನ ಹತ್ತಿರ ನಿಲ್ಲಿ. ವಾಕಿಂಗಿಗೆ ಹೊರಟ ಅಜ್ಜಾರು ಕೈಯಲ್ಲಿ ಕ್ಯಾರಿಬ್ಯಾಗ್ ಹಿಡಿದು ಬಂದಿರುತ್ತಾರೆ. ದೇವರ ಪೂಜೆಗೆ ಅಂತ ಕಿತ್ತ ಹೂವಿಗೆ ನಾವು ಏನು ಅನ್ನೋದು? ಆಡುಗಳು ತಿರುಗಾಡುವ ಓಣಿಯಾದರೆ ಎಳೆ ಕುಡಿಯೂ ಉಳಿಯುವುದಿಲ್ಲ. ಕುಡಿ ಚೂಟಿದ ಹಾಗೆ ಮೊಂಡಾಗಿದ್ದರೆ ಆಡಿನ ಕೆಲಸ.

ಬಿಸಿಲು: ಹತ್ತಕ್ಕೆ ಏಳು ಮನೆಯಲ್ಲಿ ಇದೇ ಕಾರಣ

ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ನೋಡಿ ನೋಡಿ ಬಂದ ಅಂದಾಜು. ಮಲ್ಲಿಗೆಗೆ ದಿನಕ್ಕೆ ಕಡಿಮೆ ಅಂದರೂ ಆರು ತಾಸು ನೇರ ಬಿಸಿಲು ಬೇಕು. ಬೆಳಕು ಸಾಲದು, ಬಿಸಿಲೇ ಬೇಕು. ಎಲೆಯ ಮೇಲೆ ಕೈ ಹಿಡಿದರೆ ಅಂಚು ಸರಿಯಾಗಿ ಕಾಣುವ ನೆರಳು ಬೀಳಬೇಕು. ನಾಲ್ಕು ತಾಸು ಬಿದ್ದರೆ ಗಿಡ ಚೆನ್ನಾಗಿ ಬದುಕುತ್ತದೆ, ಎಲೆ ದೊಡ್ಡದಾಗುತ್ತದೆ, ಗೆಣ್ಣಿಗೂ ಗೆಣ್ಣಿಗೂ ಅಂತರ ಜಾಸ್ತಿಯಾಗುತ್ತದೆ, ನೋಡಿದವರು "ಎಷ್ಟ್ ಛಂದ ಬೆಳೆದೈತಿ" ಅಂತಾರೆ, ಹೂ ಮಾತ್ರ ಹಬ್ಬಕ್ಕೊಂದು ಹುಣ್ಣಿಮೆಗೊಂದು.

ನಮ್ಮ ಊರಿನ ಮನೆಗಳಲ್ಲಿ ಇದು ಹೇಗೆ ಕೆಡುತ್ತದೆ ಅಂದರೆ, ಸೈಟು 30-40. ಮುಂದೆ ಗಾಡಿ ನಿಲ್ಲಿಸಲು ಫರಸಿ ಹಾಕಿರುತ್ತಾರೆ. ಮಣ್ಣು ಉಳಿಯುವುದು ಮನೆಯ ಪಕ್ಕದ ಮೂರಡಿ ಸಂದಿಯಲ್ಲಿ. ತುಳಸಿ ಎಲ್ಲಿಡಬೇಕು ಅಂತ ನಾಲ್ಕು ಜನರನ್ನು ಕೇಳುತ್ತಾರೆ, ಮಲ್ಲಿಗೆ ಮಾತ್ರ ಜಾಗ ಎಲ್ಲಿ ಉಳಿಯಿತೋ ಅಲ್ಲಿ. ಆ ಸಂದಿ ಮನೆಯ ಉತ್ತರಕ್ಕಿದ್ದರೆ ಕಥೆ ಮುಗಿಯಿತು.

ಯಾಕೆ ಅಂದರೆ ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಾತ್ರ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಉಳಿದ ಎಂಟೊಂಬತ್ತು ತಿಂಗಳೂ ದಕ್ಷಿಣಕ್ಕೇ. ಡಿಸೆಂಬರಿನಲ್ಲಿ 20 ಅಡಿ ಎತ್ತರದ ಮನೆಯ ನೆರಳು ನಡುಮಧ್ಯಾಹ್ನವೇ ಉತ್ತರದ ಕಡೆ ಸುಮಾರು 16 ಅಡಿ ಚಾಚಿರುತ್ತದೆ. ನಿಮ್ಮ ಗಿಡ ಗೋಡೆಯಿಂದ ಎರಡಡಿ ದೂರದಲ್ಲಿ ನಿಂತಿದೆ. ಅದಕ್ಕೆ ಬಿಸಿಲು ಸಿಗುವುದು ಮೇ ತಿಂಗಳು, ಜೂನ್ ಬಂತೆಂದರೆ ಮೋಡ. ಹೂ ಕಟ್ಟಲು ತಯಾರಾಗಬೇಕಾದ ಜನವರಿ, ಫೆಬ್ರವರಿ, ಮಾರ್ಚ್ ಪೂರ್ತಿ ನೆರಳಲ್ಲೇ ಕಳೆಯಿತು.

"ಮೊದಲು ಬುಟ್ಟಿಗಟ್ಟಲೆ ಬಿಡ್ತಿತ್ತು, ಈಗ ಎರಡು ವರ್ಷದಿಂದ ನಿಂತಿದೆ" ಅನ್ನುವವರು ಗಿಡ ನೋಡುವ ಮೊದಲು ಸುತ್ತ ನೋಡಿ. ಪಕ್ಕದ ಮನೆಯವರು ಮೇಲೆ ಇನ್ನೊಂದು ಮಹಡಿ ಕಟ್ಟಿಸಿದರಾ? ದಕ್ಷಿಣಕ್ಕೆ ಮಾವು, ಬೇವು, ಅಶೋಕ ದೊಡ್ಡದಾಯಿತಾ? ನೀವೇ ಕಾರಿಗೆ ಅಂತ ಶೀಟು ಇಳಿಸಿದಿರಾ? ಗಿಡಕ್ಕೆ ವಯಸ್ಸಾಯಿತು ಅಂತ ಕೀಳುವ ಮೊದಲು ಇದನ್ನು ಕೇಳಿಕೊಳ್ಳಿ.

ಅಳೆಯುವುದು ಸುಲಭ. ಒಂದು ರವಿವಾರ ಮನೆಯಲ್ಲಿದ್ದಾಗ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ತಾಸಿಗೊಮ್ಮೆ ಕಿಟಕಿಯಿಂದ ನೋಡಿ, ಗಿಡದ ಅರ್ಧಕ್ಕಿಂತ ಹೆಚ್ಚು ಭಾಗದ ಮೇಲೆ ಬಿಸಿಲಿದ್ದರೆ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಗೆರೆ ಎಳೆಯಿರಿ. ಸಂಜೆಗೆ ಆರು ಗೆರೆ ಆಗದಿದ್ದರೆ ಕಾರಣ ಸಿಕ್ಕಿತು. ಈ ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಮಾಡಿ, ಮೇ ತಿಂಗಳಲ್ಲಿ ಮಾಡಿದರೆ ಮೋಸ ಹೋಗುತ್ತೀರಿ. ಕುಂಡದಲ್ಲಿದ್ದರೆ ಮಾಳಿಗೆ ಮೇಲೆ ಒಯ್ಯಿರಿ. ನೆಲದಲ್ಲಿದ್ದರೆ ಮೇಲಿನ ಟೊಂಗೆ ಕಡಿಸಿ, ಆಗದಿದ್ದರೆ ಗಿಡವನ್ನೇ ಜಾಗ ಬದಲಿಸಿ. ಅದನ್ನು ಹೇಗೆ ಮಾಡುವುದು ಅಂತ ಕೊನೆಯಲ್ಲಿ ಬರೆದಿದ್ದೇನೆ.

ಕಾಲದ ಬಗ್ಗೆ ಒಂದೇ ಮಾತು. ದುಂಡು ಮಲ್ಲಿಗೆಯ ಸುಗ್ಗಿ ನಮ್ಮಲ್ಲಿ ಯುಗಾದಿಯ ಆಸುಪಾಸಿನಿಂದ ಮಳೆಗಾಲ ಹಿಡಿಯುವವರೆಗೆ. ಏಪ್ರಿಲ್, ಮೇನಲ್ಲಿ ಒಂದು ಅಡ್ಡಮಳೆ ಬಿದ್ದರಂತೂ ಕೆಲವೇ ದಿನಕ್ಕೆ ಹೊಸ ಚಿಗುರು, ಅದರ ಹಿಂದೆ ಮೊಗ್ಗು. ಧಾರವಾಡದ ಜಿಟಿಜಿಟಿ ಮಳೆ ಹಿಡಿದ ಜುಲೈನಲ್ಲಿ, ಡಿಸೆಂಬರಿನ ಥಂಡಿಯಲ್ಲಿ ಹೂ ಇಲ್ಲ ಅಂತ ಚಿಂತೆ ಮಾಡಿದರೆ ಅದು ಸುಮ್ನೆ ಚಿಂತೆ.

ಕತ್ತರಿ ಯಾವಾಗ, ಎಷ್ಟು

ಹೂ ಬರುವುದು ಹೊಸ ಚಿಗುರಿಗೆ ಅಂತ ಆಗಲೇ ಹೇಳಿದೆ. ಹಾಗಾದರೆ ಹೊಸ ಚಿಗುರು ಎಷ್ಟು ಬರುತ್ತದೋ ಅಷ್ಟು ಹೂ. ವರ್ಷಗಟ್ಟಲೆ ಸವರದೆ ಬಿಟ್ಟ ಮಲ್ಲಿಗೆ ಒಳಗೆಲ್ಲ ಒಣಕಡ್ಡಿ ತುಂಬಿಕೊಂಡು, ಮೇಲೆ ನಾಲ್ಕು ಉದ್ದ ಬಳ್ಳಿ ಬಿಟ್ಟುಕೊಂಡು ನಿಂತಿರುತ್ತದೆ. ಹೂ ಬರುವುದು ಆ ನಾಲ್ಕು ತುದಿಗೆ ಮಾತ್ರ. "ಜೀವ ಇರೋ ಟೊಂಗಿ ಹೆಂಗ್ ಕಡಿಯೋದ್ರಿ" ಅಂತ ಹಿಂಜರಿಯುವವರ ಮನೆಯಲ್ಲಿ ಯಾವಾಗಲೂ ಇಂಥದ್ದೇ ಗಿಡ.

ಸವರುವ ಕಾಲ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್. ಎಳ್ಳಮಾಸಿ ಒಳಗೆ ಮುಗಿಸಿದರೆ ಒಳ್ಳೆಯದು. ಹೀಗೆ ಮಾಡಿ. ಸವರುವುದಕ್ಕೆ ಹತ್ತು ಹದಿನೈದು ದಿನ ಮೊದಲು ನೆಲದ ಗಿಡಕ್ಕೆ ನೀರು ನಿಲ್ಲಿಸಿ. ಕುಂಡದ್ದಾದರೆ ಪೂರ್ತಿ ನಿಲ್ಲಿಸಬೇಡಿ, ಸಾಯದಷ್ಟು ಕೊಡಿ. ಎಲೆ ಸ್ವಲ್ಪ ಬಾಡಿ ಉದುರಲು ಶುರುವಾದಾಗ ಇಡೀ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಸವರಿ. ಒಂದೂವರೆ ಅಡಿ ಅಂದರೆ ಮೊಣಕಾಲಿನ ಎತ್ತರ. ಕೈ ನಡುಗಿದರೂ ಪರವಾಗಿಲ್ಲ, ಕತ್ತರಿ ಹರಿತ ಇರಲಿ. ಒಣಗಿದ್ದು, ಪೆನ್ಸಿಲ್‌ಗಿಂತ ತೆಳ್ಳಗಿದ್ದು, ಒಂದಕ್ಕೊಂದು ಉಜ್ಜುವ ಟೊಂಗೆ ಎಲ್ಲ ಬುಡದಿಂದ ತೆಗೆಯಿರಿ. ಉಳಿದ ಎಲೆಯನ್ನೂ ಕೈಯಿಂದ ಕಿತ್ತುಬಿಡಿ. ಬುಡದ ಸುತ್ತ ಖುರ್ಪಿಯಿಂದ ನಾಲ್ಕು ಬೆರಳು ಆಳ ಕೆದರಿ, ಒಂದೆರಡು ದಿನ ಬಿಸಿಲಿಗೆ ಬಿಡಿ. ಆಮೇಲೆ ಗೊಬ್ಬರ, ಆಮೇಲೆ ನೀರು. ಗಿಡ ಬೋಳಾಗಿ ಕಾಣುತ್ತದೆ, ಮನೆಯವರು ಬೈಯುತ್ತಾರೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಪ್ರತಿ ಗೆಣ್ಣಿನಿಂದ ಚಿಗುರು ಒಡೆದಿರುತ್ತದೆ.

ಇದಕ್ಕೆ ಉಲ್ಟಾ ತಪ್ಪು ಇನ್ನೊಂದಿದೆ. ಮಾಲಿ ತಿಂಗಳಿಗೊಮ್ಮೆ ಬಂದು ದೊಡ್ಡ ಕತ್ತರಿಯಿಂದ ಬೇಲಿ ದಾಸವಾಳವನ್ನು ಗೋಡೆಯ ಹಾಗೆ ಸಾಪಾಟು ಮಾಡಿ ಹೋಗುತ್ತಾನೆ. ನೋಡಲು ನೀಟು. ಆದರೆ ದಾಸವಾಳದ ಮೊಗ್ಗೂ ಹೊಸ ಚಿಗುರಿನ ಎಲೆಸಂದಿಯಲ್ಲೇ ಬರುವುದು, ಪ್ರತಿ ತಿಂಗಳೂ ಅದನ್ನೇ ಕತ್ತರಿಸಿದರೆ ಹೂ ಎಲ್ಲಿಂದ ಬರಬೇಕು? ದಾಸವಾಳವನ್ನು ಫೆಬ್ರವರಿ ಕೊನೆಯಲ್ಲಿ ಒಮ್ಮೆ ಮೂರನೇ ಒಂದು ಭಾಗ ಸವರಿ, ಬೇಕಿದ್ದರೆ ಮಳೆಗಾಲದ ಶುರುವಿನಲ್ಲಿ ಅತ್ತಿತ್ತ ಚಾಚಿದ್ದನ್ನು ತೆಗೆಯಿರಿ. ಎಲ್ಲ ಟೊಂಗೆ ಒಂದೇ ದಿನ ಕತ್ತರಿಸದೆ ಅರ್ಧ ಈಗ, ಅರ್ಧ ಒಂದು ತಿಂಗಳ ಮೇಲೆ ಮಾಡಿದರೆ ದೇವರಿಗೆ ದಿನವೂ ಎರಡು ಹೂ ತಪ್ಪುವುದಿಲ್ಲ.

ಮಲ್ಲಿಗೆಯನ್ನು ಮಾರ್ಚ್ ನಂತರ ಜೋರಾಗಿ ಸವರಬೇಡಿ. ಹೂ ಬಿಡಿಸಿದ ಮೇಲೆ ಆ ಕುಡಿಯ ತುದಿಯನ್ನು ಎರಡು ಗೆಣ್ಣು ಚೂಟಿದರೆ ಸಾಕು, ಅಲ್ಲೇ ಎರಡು ಚಿಗುರು ಬರುತ್ತವೆ.

ಈಗ ಗೊಬ್ಬರದ ಮಾತು

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಸಾರಜನಕ ಎಲೆ, ಕಾಂಡ ಬೆಳೆಸುತ್ತದೆ. ಅದು ಧಾರಾಳವಾಗಿ ಸಿಗುತ್ತಾ ಇದ್ದರೆ ಗಿಡ ಬೆಳೆಯುತ್ತಲೇ ಹೋಗುತ್ತದೆ, ಹೂವಿನ ಕಡೆ ತಿರುಗುವುದಿಲ್ಲ. ಯೂರಿಯಾ ಹಾಕಿಯೇ ಇಲ್ಲ ಅನ್ನುವವರು ವಾರಕ್ಕೊಮ್ಮೆ ಸಗಣಿ ನೀರು, ಶೇಂಗಾ ಹಿಂಡಿ ನೆನೆಸಿದ ನೀರು ಹಾಕುತ್ತಿರುತ್ತಾರೆ. ಅದೂ ಸಾರಜನಕವೇ. ಹುಲ್ಲುಹಾಸಿನ ಪಕ್ಕ ಇರುವ ಗಿಡವಾದರೆ ಹುಲ್ಲಿಗೆ ಚೆಲ್ಲಿದ ಯೂರಿಯಾ ಬೇರಿಗೆ ತಲುಪಿಯೇ ತಲುಪುತ್ತದೆ.

ಅಳತೆ ಗೊತ್ತಿರಲಿ ಅಂತ ಹೇಳುತ್ತೇನೆ. ಹೊಲದಲ್ಲಿ ಮಲ್ಲಿಗೆ ಬೆಳೆಯುವವರಿಗೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಗಿಡವೊಂದಕ್ಕೆ ವರ್ಷಕ್ಕೆ 10 ಕಿಲೋ ತಿಪ್ಪೆಗೊಬ್ಬರ, ಜೊತೆಗೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್. ಅದನ್ನೂ ಎರಡು ಕಂತಿನಲ್ಲಿ, ನವೆಂಬರಿನಲ್ಲಿ ಸವರಿದ ಮೇಲೆ ಒಮ್ಮೆ, ಜೂನ್-ಜುಲೈನಲ್ಲಿ ಒಮ್ಮೆ. ಸಾರಜನಕ ಉಳಿದ ಎರಡರ ಅರ್ಧ ಮಾತ್ರ, ನೋಡಿದಿರಲ್ವಾ? 60 ಗ್ರಾಂ ಅಂದರೆ ಸುಮಾರು 130 ಗ್ರಾಂ ಯೂರಿಯಾ. ಅದು ಬುಟ್ಟಿ ತುಂಬ ಹೂ ಕೊಡುವ ಬಲಿತ ಗಿಡಕ್ಕೆ ಇಡೀ ವರ್ಷದ ಪಾಲು. ಹಿತ್ತಲಲ್ಲಿ ತಿಂಗಳಿಗೆ ಒಂದು ಹಿಡಿ ಚೆಲ್ಲುವವರು ಎಲ್ಲಿದ್ದಾರೆ ಅಂತ ನೀವೇ ಲೆಕ್ಕ ಹಾಕಿ.

ಮನೆಯ ಗಿಡಕ್ಕೆ ನಾನು ಹೇಳುವುದು ಇಷ್ಟು. ನೆಲದ ಗಿಡಕ್ಕೆ ಸವರಿದ ಮೇಲೆ ಒಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಅಥವಾ ಅರ್ಧ ಬುಟ್ಟಿ ಕುರಿಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕುಂಡದ್ದಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ, ಅದನ್ನೇ ಏಪ್ರಿಲಿನಲ್ಲಿ ಇನ್ನೊಮ್ಮೆ. ಮೊಗ್ಗು ಕಟ್ಟುವ ಹೊತ್ತಿಗೆ ಪೊಟ್ಯಾಷ್ ಒಂದು ಚಮಚ, ಬುಡಕ್ಕೆ ತಾಗದಂತೆ ಕುಂಡದ ಅಂಚಿಗೆ ಹಾಕಿ ಮೇಲೆ ನೀರು. ಮಳೆಗಾಲ ಕಳೆದು ದೀಪಾವಳಿ ಬಂದ ಮೇಲೆ ಸವರುವವರೆಗೆ ಏನೂ ಬೇಡ, ಗಿಡ ಸುಮ್ಮನಿರಲಿ. ಈಗಾಗಲೇ ಜಾಸ್ತಿ ತಿನ್ನಿಸಿದ್ದರೆ ಮೂರು ತಿಂಗಳು ಎಲ್ಲ ಬಂದ್ ಮಾಡಿ, ಕುಂಡದ್ದಕ್ಕೆ ಒಂದೆರಡು ಸಲ ಅಡಿಯಿಂದ ಹರಿದು ಹೋಗುವಷ್ಟು ನೀರು ಬಿಡಿ.

ಅಕ್ಕಿ ತೊಳೆದ ನೀರು, ಉಳ್ಳಾಗಡ್ಡಿ ಸಿಪ್ಪೆ ನೀರು, ಚಹಾಪುಡಿ, ಬಾಳೆಹಣ್ಣಿನ ಸಿಪ್ಪೆ, ಮೊಬೈಲ್ ವಿಡಿಯೋಗಳಲ್ಲಿ ಬರುವ ಈ ಉಪಾಯಗಳಿಂದ ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಲೆಯ ಬೂದಿ ಮಾತ್ರ ಬೇರೆ ವಿಷಯ. ಅದರಲ್ಲಿ ಪೊಟ್ಯಾಷ್ ಇದೆ ನಿಜ, ಆದರೆ ಅದು ಕ್ಷಾರ. ನಿಮ್ಮ ಮಣ್ಣು ಎಂಥದ್ದು ಅಂತ ನೋಡಿ ಹಾಕಬೇಕು.

ಎರೆಯೋ ಮಸಾರಿಯೋ

ಧಾರವಾಡದ ಗುಡ್ಡದ ಕಡೆ, ಕಲಘಟಗಿ ದಾರಿಯ ಕಡೆ ಕೆಂಪು ಮಣ್ಣು, ಮಸಾರಿ. ನೀರು ಬೇಗ ಇಳಿಯುತ್ತದೆ, ಮಲ್ಲಿಗೆಗೆ ಒಳ್ಳೆಯದು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋದಂತೆ ಅಣ್ಣಿಗೇರಿ, ನವಲಗುಂದ, ಗದಗ, ಎಲ್ಲ ಕಪ್ಪು ಮಣ್ಣು, ಎರೆ. ಎರೆ ಮಣ್ಣು ಹತ್ತಿಗೆ, ಕಡಲೆಗೆ ಬಂಗಾರ. ಮಲ್ಲಿಗೆಗೆ ಎರಡು ಕಾಟ ಕೊಡುತ್ತದೆ. ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರು ಉಸಿರಾಡದ ಹಾಗೆ ಮಾಡುತ್ತದೆ, ಬೇಸಿಗೆಯಲ್ಲಿ ಬಿರಿದು ಎಳೆ ಬೇರು ಹರಿಯುತ್ತದೆ. ಅದಲ್ಲದೆ ಈ ಮಣ್ಣಿನಲ್ಲಿ ಸುಣ್ಣದ ಅಂಶ ಇದ್ದು ಕ್ಷಾರ ಹೆಚ್ಚು. ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಗಿಡಕ್ಕೆ ಸಿಗುವುದಿಲ್ಲ.

ಗುರುತು ಸುಲಭ. ಚಿಗುರೆಲೆ ಹಳದಿ, ಎಲೆಯ ನರಗಳು ಮಾತ್ರ ಹಸಿರು, ಬಲೆ ಬರೆದ ಹಾಗೆ. ಹಳೆಯ ಎಲೆಗಳು ಹಸಿರಾಗೇ ಇರುತ್ತವೆ. ಇದು ಕಬ್ಬಿಣದ ಕೊರತೆ, ಇಂಥ ಗಿಡಕ್ಕೆ ಹೂ ಕಟ್ಟುವ ಶಕ್ತಿ ಇರುವುದಿಲ್ಲ. ಅನ್ನಭೇದಿ, ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಅಂತ ಕೇಳಿ. ಲೀಟರ್ ನೀರಿಗೆ 5 ಗ್ರಾಂ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ. ಫರಸಿ, ಗೋಡೆ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು. ಎರೆ ಮಣ್ಣಿನವರು ಬೂದಿ, ಸುಣ್ಣ, ಮೊಟ್ಟೆ ಸಿಪ್ಪೆ ಯಾವುದನ್ನೂ ಹಾಕಬೇಡಿ. ಹೊಸ ಮನೆ ಕಟ್ಟಿದವರು ಬುಡದಲ್ಲಿ ಗಾರೆ, ಸಿಮೆಂಟಿನ ಚೂರು ಹೂತಿದೆಯಾ ಅಂತ ಅಗೆದು ನೋಡಿ. ಮಸಾರಿಯವರು ಬೂದಿಯನ್ನು ವರ್ಷಕ್ಕೆ ಒಂದೆರಡು ಹಿಡಿ ಹಾಕಬಹುದು.

ಹೊಸದಾಗಿ ನೆಡುವವರು ಎರೆಯಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ಹೊರಗಿನ ಕೆಂಪು ಮಣ್ಣು, ತಿಪ್ಪೆಗೊಬ್ಬರ, ಭತ್ತದ ಹೊಟ್ಟು ಬೆರೆಸಿ, ನೆಲಕ್ಕಿಂತ ಒಂದು ಗೇಣು ಎತ್ತರದ ದಿಬ್ಬ ಮಾಡಿ ನೆಡಿ. ಮಣ್ಣಿನ ಬಗ್ಗೆ ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಗದಗದವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ.

ನಳ ಬಂದ ದಿನ ಹೊಳೆ, ಉಳಿದ ದಿನ ಬರ

ಮೊಗ್ಗು ಕಟ್ಟಿ ಉದುರುತ್ತಿದ್ದರೆ ಮೊದಲ ಅನುಮಾನ ನೀರಿನ ಮೇಲೆ. ಇಪ್ಪತ್ನಾಲ್ಕು ತಾಸೂ ನೀರು ಬರುವ ಕೆಲವು ವಾರ್ಡು ಬಿಟ್ಟರೆ ನಮ್ಮಲ್ಲಿ ನಳ ಬರುವುದು ಇಷ್ಟು ದಿನಕ್ಕೊಮ್ಮೆ ಅಂತ. ಬಂದ ದಿನ ಟಾಕಿ ತುಂಬಿಸಿ, ಕೊಡ ತುಂಬಿಸಿ, ಪೈಪು ಗಿಡದ ಬುಡಕ್ಕೆ ಬಿಟ್ಟು ಒಳಗೆ ಹೋಗುತ್ತೇವೆ. ಅರ್ಧ ತಾಸು ಹರಿಯುತ್ತದೆ. ಆಮೇಲೆ ಮುಂದಿನ ನಳದವರೆಗೆ ಒಂದು ತಂಬಿಗೆ ನೀರೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಕುಂಡದ ಗಿಡಕ್ಕೆ ಹೀಗೆ ಆದರೆ ಅದು ಮೊದಲು ಕೈಬಿಡುವುದು ಮೊಗ್ಗನ್ನೇ. ದಾಸವಾಳದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಮೊಗ್ಗು ಹಳದಿಯಾಗಿ, ತೊಟ್ಟಿನ ಗಂಟಿನ ಹತ್ತಿರ ಕಳಚಿ, ಮುಟ್ಟಿದರೆ ಬೀಳುತ್ತದೆ. ಸುತ್ತು ಜಾಸ್ತಿ ಇರುವ ಮುದ್ದೆ ದಾಸವಾಳದಲ್ಲಿ ಈ ಕಾಟ ಹೆಚ್ಚು.

ಒಂದು ಬಕೆಟ್ ನೀರು ಗಿಡಕ್ಕೆ ಅಂತಲೇ ಎತ್ತಿಡಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಳಗೆ ತಂಪು ಹತ್ತಿ ಮಣ್ಣು ಬೆರಳಿಗೆ ಅಂಟಿದರೆ ಬೇಡ, ಒಣಪುಡಿ ಬಂದರೆ ಹಾಕಿ. ಬುಡಕ್ಕೆ ತರಗಲೆ ಹೊದಿಸಿದರೆ ಅರ್ಧ ನೀರು ಉಳಿದ ಹಾಗೆ. ಸವರುವ ಮೊದಲು ನೀರು ನಿಲ್ಲಿಸಿ ಅಂದೆನಲ್ಲ, ಅದನ್ನು ಮೊಗ್ಗು ಕಾಣಿಸಿದ ಮೇಲೆ ಮಾಡಬೇಡಿ.

ಗದಗ, ನವಲಗುಂದದ ಕಡೆ ಬಹಳ ಬೋರಿನ ನೀರು ಸವುಳು. ಕುಂಡದ ಮೇಲ್ಮಣ್ಣಿಗೆ, ಅಂಚಿಗೆ ಬಿಳಿ ಪುಡಿ ಕಟ್ಟಿದ್ದರೆ, ಎಲೆಯ ಅಂಚು ಸುಟ್ಟ ಹಾಗೆ ಕಂದಾಗಿದ್ದರೆ ಅದೇ. ಮೇಲಿನ ಎರಡು ಬೆರಳು ಮಣ್ಣು ತೆಗೆದು ಬಿಸಾಕಿ ಹೊಸದು ಹಾಕಿ, ಮಳೆ ಬಂದಾಗ ಕುಂಡಗಳನ್ನು ಹೊರಗೆ ಸರಿಸಿ ಚೆನ್ನಾಗಿ ತೊಯ್ಯಲು ಬಿಡಿ.

ಮೊಗ್ಗನ್ನು ತಿನ್ನುವವರು

ನೀರು ಸರಿ ಇದ್ದೂ ಮೊಗ್ಗು ಹಾಳಾಗುತ್ತಿದ್ದರೆ ಒಂದು ಮೊಗ್ಗು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಅದರಲ್ಲಿ ಸೂಜಿ ಚುಚ್ಚಿದಂಥ ತೂತು ಇದೆಯಾ? ಪಕ್ಕದ ಮೊಗ್ಗಿಗೂ ಇದಕ್ಕೂ ತೆಳ್ಳಗಿನ ನೂಲು ಅಂಟಿದೆಯಾ? ಉಗುರಿಂದ ಸೀಳಿ ನೋಡಿ, ಒಳಗೆಲ್ಲ ಕೊರೆದು ಹಿಕ್ಕೆ ತುಂಬಿರುತ್ತದೆ, ಅದೃಷ್ಟ ಇದ್ದರೆ ತಲೆ ಕಪ್ಪಗಿರುವ ಹಸಿರು ಹುಳುವೂ ಸಿಗುತ್ತದೆ. ಇದು ಮೊಗ್ಗು ಕೊರಕ. ಒಂದು ಹುಳು ಒಂದೇ ಮೊಗ್ಗಿಗೆ ತೃಪ್ತಿಯಾಗುವುದಿಲ್ಲ, ಗೊಂಚಲನ್ನೇ ನೂಲಿನಿಂದ ಹೊಲಿದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ತೂತು ಇಲ್ಲ, ಆದರೆ ಮೊಗ್ಗಿನ ಬುಡ ದಪ್ಪಗೆ ಊದಿಕೊಂಡು, ಬಿಳಿ ಇರಬೇಕಾದ್ದು ನೇರಳೆಗೆಂಪಾಗಿ, ಅರಳದೆ ಒಣಗುತ್ತಿದ್ದರೆ ಅದು ಬೇರೆ. ಸೊಳ್ಳೆಗಿಂತ ಸಣ್ಣ ನೊಣ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ, ಕಣ್ಣಿಗೆ ಕಷ್ಟಪಟ್ಟು ಕಾಣುವ ಮರಿಹುಳುಗಳು ಬುಡವನ್ನು ತಿನ್ನುತ್ತವೆ, ಆಮೇಲೆ ಮಣ್ಣಿಗೆ ಇಳಿದು ಅಲ್ಲೇ ಕೋಶ ಕಟ್ಟುತ್ತವೆ. ಅದಕ್ಕೇ ಎಲೆಗೆ ಎಷ್ಟು ಔಷಧಿ ಹೊಡೆದರೂ ಮತ್ತೆ ಬರುವುದು.

ಎರಡಕ್ಕೂ ಮೊದಲ ಮದ್ದು ಕೈ. ಹಾಳಾದ ಮೊಗ್ಗನ್ನೆಲ್ಲ, ಕೆಳಗೆ ಬಿದ್ದವನ್ನೂ ಸೇರಿಸಿ, ದಿನಾ ಆರಿಸಿ ಕವರಿನಲ್ಲಿ ಕಟ್ಟಿ ಬಿಸಿಲಿಗೆ ಇಡಿ ಅಥವಾ ಸುಡಿ. ಅಲ್ಲೇ ಬುಡಕ್ಕೆ ಬಿಸಾಡಿದರೆ ಏನೂ ಪ್ರಯೋಜನ ಇಲ್ಲ. ವಾರಕ್ಕೊಮ್ಮೆ ಬುಡದ ಮಣ್ಣು ಕೆದರಿ ಬಿಸಿಲು ತಾಗಿಸಿ, ಬೇವಿನ ಹಿಂಡಿ ಬೆರೆಸಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅರ್ಧ ಚಮಚ ಸೋಪಿನ ನೀರು ಹಾಕಿ ಚೆನ್ನಾಗಿ ಕಲಕಿ, ಹೂ ಬಿಡಿಸಿದ ಮೇಲೆ ಸಂಜೆ ಹೊಡೆಯಿರಿ, ವಾರಕ್ಕೊಮ್ಮೆ ಮೂರು ಸಲ. ತಲೆಗೆ ಮುಡಿಯುವ, ದೇವರಿಗೆ ಏರಿಸುವ ಹೂ ಇದು, ಮನೆಯಲ್ಲಿ ಮಕ್ಕಳು ಮುಟ್ಟುವ ಗಿಡ. ಹತ್ತಿಗೆ ಹೊಡೆಯಲು ತಂದಿದ್ದ ಔಷಧಿ ಉಳಿದಿದೆ ಅಂತ ಇದಕ್ಕೆ ಹೊಡೆಯಬೇಡಿ.

ದಾಸವಾಳದ ಕುಡಿ ಮುದುಡಿ, ಹತ್ತಿಯಂತೆ ಬೆಳ್ಳಗೆ ಮೆತ್ತಿಕೊಂಡಿದ್ದರೆ ಹಿಟ್ಟು ತಿಗಣೆ. ಆ ಕುಡಿ ಕತ್ತರಿಸಿ ಹಾಕಿ, ಉಳಿದದ್ದಕ್ಕೆ ನೀರು ರಭಸವಾಗಿ ಹೊಡೆದು ಆಮೇಲೆ ಬೇವಿನ ಎಣ್ಣೆ. ಇರುವೆ ಸಾಲು ಹತ್ತುತ್ತಿದ್ದರೆ ಅದನ್ನೂ ತಡೆಯಿರಿ, ತಿಗಣೆಯ ಅಂಟುರಸಕ್ಕಾಗಿ ಅವೇ ಕಾವಲು ಕಾಯುತ್ತವೆ.

ಉಳಿದ ಗಿಡಗಳು

ಕಾಗದದ ಹೂವಿಗೆ ಮೇಲೆ ಹೇಳಿದ ನೀರಿನ ಮಾತು ಪೂರ್ತಿ ಉಲ್ಟಾ. ಅದನ್ನು ಮುದ್ದು ಮಾಡಿದರೆ ಬರೀ ಎಲೆ, ಮುಳ್ಳು. ಸಣ್ಣ ಕುಂಡ, ಇಡೀ ದಿನದ ಬಿಸಿಲು, ಎಲೆ ಸ್ವಲ್ಪ ಜೋಲುವವರೆಗೆ ನೀರಿಲ್ಲ. ಮಳೆಗಾಲದಲ್ಲಿ ಹಸಿರಾಗಿ ನಿಂತಿದ್ದು ನವೆಂಬರಿನಿಂದ ಬಣ್ಣ ಬಿಡುತ್ತದೆ, ಅವಸರ ಮಾಡಬೇಡಿ.

ಗುಲಾಬಿ ಹೂ ನಿಂತು ಒಂದೇ ಉದ್ದ ಕೋಲು ಬೆಳೆಯುತ್ತಿದ್ದರೆ ಆ ಕೋಲು ಎಲ್ಲಿಂದ ಹೊರಟಿದೆ ಅಂತ ಬುಡದ ಮಣ್ಣು ಸರಿಸಿ ನೋಡಿ. ನರ್ಸರಿಯಿಂದ ತಂದ ಗುಲಾಬಿ ಸಾಮಾನ್ಯವಾಗಿ ಕಾಡು ಗುಲಾಬಿಯ ಬೇರಿಗೆ ಕಸಿ ಮಾಡಿದ್ದು. ಕಸಿ ಗಂಟಿನ ಕೆಳಗಿಂದ ಬಂದ ಚಿಗುರು ಕಾಡು ಗಿಡದ್ದು. ಎಲೆ ಸಣ್ಣ, ಬಣ್ಣ ಬೇರೆ, ಮುಳ್ಳಿನ ರೀತಿಯೂ ಬೇರೆ. ಬಿಟ್ಟರೆ ಅದೇ ಗಿಡವನ್ನೆಲ್ಲ ನುಂಗುತ್ತದೆ. ಬುಡಸಮೇತ ಕಿತ್ತು ತೆಗೆಯಿರಿ, ಮೇಲಿಂದ ಕತ್ತರಿಸಿದರೆ ಎರಡಾಗಿ ಬರುತ್ತದೆ.

ಸೇವಂತಿಗೆ ಪೊದೆಯಲ್ಲ, ಆದರೂ ಕೇಳುತ್ತಾರೆ. ಅದಕ್ಕೆ ಹೂ ಕಟ್ಟಲು ಉದ್ದ ರಾತ್ರಿ ಬೇಕು, ಕತ್ತಲು ಬೇಕು. ಗೇಟಿನ ದೀಪ, ಬೀದಿ ದೀಪ ರಾತ್ರಿಯಿಡೀ ಅದರ ಮೇಲೇ ಬೀಳುತ್ತಿದ್ದರೆ ಹೂ ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಕುಂಡವನ್ನು ದೀಪದ ಬೆಳಕು ಬೀಳದ ಕಡೆ ಸರಿಸಿದರೆ ಸಾಕು.

ಜಾಗ ಬದಲಿಸುವುದು

ಎಲ್ಲ ನೋಡಿಯೂ ಬಿಸಿಲೇ ಕಾರಣ ಅಂತಾದರೆ ಗಿಡ ಎತ್ತಲೇಬೇಕು. ಮೃಗಶಿರಾ ಮಳೆ ಚೆನ್ನಾಗಿ ಹಿಡಿದ ಮೇಲೆ, ಜೂನ್ ನಡುವಿನಿಂದ ಜುಲೈ ಒಳಗೆ ಮಾಡಿ. ಮೊದಲು ಹೊಸ ಗುಂಡಿ ತಯಾರಿರಲಿ. ಗಿಡವನ್ನು ಅರ್ಧಕ್ಕೆ ಸವರಿ, ಬುಡದಿಂದ ಒಂದು ಅಡಿ ಬಿಟ್ಟು ಸುತ್ತ ಸಲಿಕೆ ಇಳಿಸಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಹಳೆಯ ಗೋಣಿಚೀಲದ ಮೇಲೆ ಎಳೆದುಕೊಂಡು ಹೋಗಿ. ಇಬ್ಬರು ಬೇಕು. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಿಸಿ, ಸುತ್ತ ಮಣ್ಣು ತುಳಿದು, ನೀರು. ಒಂದು ವಾರ ಎಲೆ ಬಾಡಿ ಉದುರುತ್ತದೆ, ಹೆದರಬೇಡಿ. ಆ ವರ್ಷ ಗೊಬ್ಬರ ಹಾಕಬೇಡಿ, ನವೆಂಬರಿನಲ್ಲಿ ಜೋರಾಗಿ ಸವರಲೂ ಬೇಡಿ, ತುದಿ ಚೂಟಿದರೆ ಸಾಕು. ಮೊದಲ ಬೇಸಿಗೆಯಲ್ಲಿ ಹೂ ಕಡಿಮೆ, ಎರಡನೆಯದರಲ್ಲಿ ಮಾಲೆ ಕಟ್ಟುವಷ್ಟು. ಖಾಲಿಯಾದ ಉತ್ತರದ ಸಂದಿಯಲ್ಲಿ ನಂದಿಬಟ್ಟಲು ಹಾಕಿ, ಅರೆನೆರಳಲ್ಲೂ ಬಿಡುತ್ತದೆ.